ಸುತ್ತು ಬಸ್ಸಿನ ಕಂಡಕ್ಟರು

ದೂರು ಬಂದದ್ದು ಫೋನಿನಲ್ಲಿ. ಮಾಡಿದವರು ಹಗಲುಮನೆಯ ಟೀಚರು. ಮರೆವಿನ ಕಾಯಿಲೆಯ ಹಿರಿಯರನ್ನು ಬೆಳಿಗ್ಗೆ ಬಿಟ್ಟು ಸಂಜೆ ಕರೆದುಕೊಂಡು ಹೋಗುವ ಜಾಗ ಅದು. ನಡೆಸುವವರು ಹಿಂದೆ ಶಾಲೆಯಲ್ಲಿದ್ದವರು, ಹಾಗಾಗಿ ಎಲ್ಲರಿಗೂ ಟೀಚರೇ. ಅವರು ಶಾಲೆ ಬಿಟ್ಟರೂ ಶಾಲೆಯ ಗಂಟಲು ಅವರನ್ನು ಬಿಟ್ಟಿರಲಿಲ್ಲ.

"ನಿಮ್ಮ ಕಂಪ್ಯೂಟರಿಗೆ ಸ್ವಲ್ಪ ಮಾನ ಮರ್ಯಾದೆ ಕಲಿಸ್ತೀರಾ?" ಎಂದರು. "ನಮ್ಮಲ್ಲಿ ಒಬ್ರು ಅಜ್ಜಿ ಮೊಮ್ಮಕ್ಕಳ ಮುಖ ನೋಡೋಣ ಅಂತ ಒತ್ತಿದ್ರೆ, 'ನಿಮ್ಮ ಸಮಯ ಮುಗಿದಿದೆ' ಅಂತ ಬರೆದು ತೋರಿಸ್ತು."

ನಗು ಉಕ್ಕಿ ಬಂತು, ಕಷ್ಟಪಟ್ಟು ನುಂಗಿಕೊಂಡೆ. "ಅಜ್ಜಿ ಏನಂದ್ರು?"

"'ಗೊತ್ತಪ್ಪಾ, ಅದನ್ನ ನೀನು ಬೇರೆ ಹೇಳ್ಬೇಕಾ' ಅಂದ್ರು. ಅವರೇನೋ ಗಟ್ಟಿಗಿತ್ತಿ. ಪಕ್ಕದಲ್ಲಿ ಕೂತಿದ್ದೋರು ಅತ್ತುಬಿಟ್ರು."

ಆಗ ನನ್ನ ನಗು ಇಳಿಯಿತು.

ನಮ್ಮದು ಮೂವರ ಕಂಪನಿ. ಮೇಲೆ ಒಬ್ಬ ಮಾಲೀಕರು, ಪುಟಗಳ ಬಣ್ಣ ಬೆಡಗು ನೋಡಿಕೊಳ್ಳಲು ಒಬ್ಬ, ಸರ್ವರ್ ಕೆಟ್ಟಾಗ ಬೈಸಿಕೊಳ್ಳಲು ನಾನು. ಮಾಲೀಕರಿಗೆ ನಾನಿಟ್ಟ ಹೆಸರು ಐದುನಿಮಿಷ. ಸಂಬಳ ಕೇಳಿದರೂ ಐದು ನಿಮಿಷ, ರಜೆ ಕೇಳಿದರೂ ಐದು ನಿಮಿಷ. ಆ ಐದು ನಿಮಿಷ ಯಾವ ಗಡಿಯಾರದಲ್ಲೂ ಮುಗಿದದ್ದನ್ನು ನಾನು ಕಂಡಿಲ್ಲ.

ಹಗಲುಮನೆಗೆ ನಾವು ಮಾಡಿಕೊಟ್ಟದ್ದು 'ನಮ್ಮವರು' ಎಂಬ ವೆಬ್‌ಸೈಟು. ಹಿರಿಯರ ಕೈಗೆ ಒಂದು ಟ್ಯಾಬ್ ಕೊಡುತ್ತಾರೆ. ಅದರಲ್ಲಿ ಕಾಣುವ ತಮ್ಮ ಮುಖವನ್ನು ಮುಟ್ಟಿದರೆ ಸುತ್ತಲೂ ಅಪ್ಪ, ಅಮ್ಮ, ಮಕ್ಕಳು, ಮೊಮ್ಮಕ್ಕಳು ಬಂದು ಕೂರುತ್ತಾರೆ. ಮುಖದ ಕೆಳಗೆ ಹೆಸರು, ನಡುವೆ ಗೆರೆ, ಯಾರು ಯಾರಿಗೆ ಏನಾಗಬೇಕು ಎಂಬ ವಿವರ. ಮರೆತ ನಂಟನ್ನು ದಿನಕ್ಕೊಮ್ಮೆ ನೆನಪಿಗೆ ತರುವ ಉಪಾಯ. ಮುಖಗಳನ್ನು ಮನೆಯವರೂ ಸೇರಿಸಬಹುದು, ಹಿರಿಯರೂ ಸೇರಿಸಬಹುದು. ಯಾವುದಾದರೂ ಜಾಗ ಖಾಲಿಯಿದ್ದರೆ ಪುಟವೇ ಮೊದಲು ಕೇಳುತ್ತದೆ, ಒಂದಷ್ಟು ಫೋಟೋಗಳನ್ನು ಹರಡಿ, ಇವರಲ್ಲಿ ಯಾರು ಎಂದು. ನಾನು 'ತಾಯಿ' ಎಂದು ಬರೆದದ್ದನ್ನು ಟೀಚರು ಹೊಡೆದುಹಾಕಿ, 'ನೀವು ಅಮ್ಮ ಅಂತ ಕರೆಯೋದು ಯಾರನ್ನ?' ಎಂದು ಬರೆಸಿದ್ದರು. ಅರ್ಜಿ ತುಂಬಿಸಿಕೊಳ್ಳುವವರ ಹಾಗೆ ಕೇಳಬೇಡಿ, ಮನೆಯವರ ಹಾಗೆ ಕೇಳಿ ಎಂದು ನನಗೆ ಪಾಠ ಬೇರೆ ಆಗಿತ್ತು.

ಇನ್ನು ಆ ಸಮಯ ಮುಗಿದ ಸಂಗತಿ. ಪುಟವನ್ನು ಕಟ್ಟಿಕೊಡುವ ಸೂಚನೆಗಳ ಸಾಲಿಗೆ ಸ್ಕ್ರಿಪ್ಟ್ ಎನ್ನುತ್ತೇವೆ. ಸರ್ವರ್ ಪ್ರತಿ ಸ್ಕ್ರಿಪ್ಟಿಗೂ ಅರ್ಧ ನಿಮಿಷ ಗಡುವು ಕೊಡುತ್ತದೆ. ಅಷ್ಟರಲ್ಲಿ ಮುಗಿಸದಿದ್ದರೆ ಕುತ್ತಿಗೆ ಹಿಡಿದು ಹೊರಗೆ ದಬ್ಬುತ್ತದೆ, ಬಿಳಿ ಪರದೆಯ ಮೇಲೆ ಒಂದು ಸಾಲು ತೋರಿಸುತ್ತದೆ. ಆ ಸಾಲನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದವರು ಸಾಕ್ಷಾತ್ ಐದುನಿಮಿಷದವರೇ.

ಹೋಗಿ ಹೇಳಿದೆ. ಅವರು ಗಂಭೀರವಾಗಿ ಯೋಚಿಸಿ, "ಹಾಗಾದ್ರೆ 'ನಿಮ್ಮ ಅವಧಿ ತೀರಿದೆ' ಅಂತ ಹಾಕಮ್ಮ" ಎಂದರು.

ಅಳಿಯ ಅಲ್ಲ, ಮಗಳ ಗಂಡ. "ಸಾರ್, ಸಾಲನ್ನ ಆಮೇಲೆ ನೋಡೋಣ. ಪುಟ ಯಾಕೆ ತಡ ಆಗ್ತಿದೆ ಅಂತ ಮೊದಲು ನೋಡ್ಬೇಕು."

"ಅದರಲ್ಲಿ ನೋಡೋದೇನಿದೆ? ಗಡುವನ್ನ ಐದು ನಿಮಿಷ ಮಾಡು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಬಾಯಿಗೆ ಬಂತು. ಆದರೆ ಸಂಬಳ ಕೊಡುವ ಕೈ ಅವರದು, ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಯಾರ ಪುಟವೂ ತೆರೆಯದಂತಾಯಿತು. ಆಗಬೇಕಾದದ್ದೇ ಅದು. ನಮ್ಮ ಸರ್ವರಿನೊಳಗೆ ದುಡಿಯುವ ಕೈಗಳು ಬೆರಳೆಣಿಕೆ. ಸಿಕ್ಕಿಬಿದ್ದ ಒಂದು ಪುಟ ಒಂದು ಕೈಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದೇ ಪುಟವನ್ನು ಯಾರಾದರೂ ಮತ್ತೆ ಮತ್ತೆ ಒತ್ತಿದರೆ ಎಲ್ಲ ಕೈಗಳೂ ಅಲ್ಲೇ ಕಟ್ಟಿಬೀಳುತ್ತವೆ, ಉಳಿದವರಿಗೆ ಬಡಿಸುವವರೇ ಇರುವುದಿಲ್ಲ. ಮೊದಲು ಅರ್ಧ ನಿಮಿಷಕ್ಕಾದರೂ ಬಿಡುಗಡೆಯಾಗುತ್ತಿದ್ದ ಕೈ ಈಗ ಐದು ನಿಮಿಷ ಬಂದಿ. ಗಟ್ಟಿಗಿತ್ತಿ ಅಜ್ಜಿಯ ಪುಟದಲ್ಲಿ ಯಾವ ದೋಷವೂ ಇರಲಿಲ್ಲ. ಆಕೆ ಯಾರದೋ ತಪ್ಪಿಗೆ ಸರದಿಯಲ್ಲಿ ನಿಂತು ಬೈಸಿಕೊಂಡಿದ್ದರು.

ಗಡುವನ್ನು ಮೊದಲಿನಂತೆ ಮಾಡಿ ಹುಡುಕಲು ಕೂತೆ. ಫೋಟೋಗಳು ಭಾರವಾದವೇ? ಇಲ್ಲ. ಹೆಸರುಗಳನ್ನು ಹುಡುಕಿ ತರುವುದು ನಿಧಾನವೇ? ಅದೂ ಇಲ್ಲ. ಸಿಕ್ಕಿಬೀಳುತ್ತಿದ್ದದ್ದು ಒಬ್ಬರ ಪುಟ ಮಾತ್ರ. ಟೀಚರನ್ನು ಕೇಳಿದರೆ, "ಓ, ನಮ್ಮ ಕಂಡಕ್ಟರು" ಎಂದರು. ಊರನ್ನು ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬರುವ ಬಸ್ಸಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. "ಬೆಳಿಗ್ಗೆಯಿಂದ ಅದನ್ನೇ ಒತ್ತುತಾ ಕೂತಿರ್ತಾರೆ. ಬೇಡ ಅಂದ್ರೆ ಕೇಳಲ್ಲ."

ಸ್ಕ್ರಿಪ್ಟಿಗೆ ಒಂದು ಕೆಲಸ ಹಚ್ಚಿದೆ. ಹೋದಲ್ಲೆಲ್ಲ, ಈಗ ಯಾರ ಬಳಿ ಇದ್ದೇನೆ ಎಂದು ಕೂಗಿ ಹೇಳು ಎಂದೆ. ಅದು ಹೇಳತೊಡಗಿತು. ಕಂಡಕ್ಟರು. ಮಗಳು. ಕಂಡಕ್ಟರು. ಮಗಳು. ಕಂಡಕ್ಟರು. ಪರದೆಯ ತುಂಬ ಅವರಿಬ್ಬರೇ, ಕೆಳಗೆ ಹೋದಷ್ಟೂ ಅವರಿಬ್ಬರೇ. ಸ್ಕ್ರಿಪ್ಟಿನ ಕೆಲಸ ಹಿರಿಯರನ್ನು ಹುಡುಕಿ ಮೇಲೆ ಮೇಲೆ ಹತ್ತುವುದು. ಕಂಡಕ್ಟರ ಅಮ್ಮ ಯಾರು ಎಂದು ಕೇಳಿದರೆ ಅಲ್ಲಿ ಮಗಳ ಮುಖ. ಆ ಮಗಳ ಅಪ್ಪ ಯಾರು ಎಂದರೆ ಕಂಡಕ್ಟರು. ಅವರ ಅಮ್ಮ ಯಾರು ಎಂದರೆ ಮತ್ತೆ ಮಗಳು. ಪಾಪದ್ದು, ಗಾಣದೆತ್ತಿನಂತೆ ತಿರುಗಿ ತಿರುಗಿ ಗಡುವು ಮುಗಿದು ಬೀಳುತ್ತಿತ್ತು.

ಟೀಚರಿಗೆ ಫೋನ್ ಮಾಡಿ ಗೆದ್ದವಳ ಗತ್ತಿನಲ್ಲಿ ಹೇಳಿದೆ. "ಸಿಕ್ತು. ಕಂಡಕ್ಟರ ಅಮ್ಮನ ಜಾಗದಲ್ಲಿ ಮಗಳನ್ನ ಕೂರಿಸಿಬಿಟ್ಟಿದ್ದಾರೆ. ಆ ಗೆರೆ ಅಳಿಸ್ತೀನಿ."

ಟೀಚರು ಶಾಲೆಯ ಗಂಟಲನ್ನು ಬದಿಗಿಟ್ಟು ಮೆಲ್ಲಗೆ, "ಅಯ್ಯೋ, ಅಲ್ಲಿಗೇ ಬಂತಾ" ಎಂದರು.

ಆಗ ತಿಳಿದದ್ದು. ಆ ಮಗಳು ಒಬ್ಬಳೇ ಅಪ್ಪನನ್ನು ನೋಡಿಕೊಳ್ಳುತ್ತಿದ್ದಾಳೆ, ಲ್ಯಾಬ್ ಒಂದರಲ್ಲಿ ರಕ್ತ ತೆಗೆಯುವ ಕೆಲಸ. ಬೇರೆ ಊರಿನಲ್ಲಿರುವ ಅಣ್ಣ, ಅಪ್ಪನನ್ನು ಹಗಲು ರಾತ್ರಿ ಇಟ್ಟುಕೊಳ್ಳುವ ಆಶ್ರಮಕ್ಕೆ ಸೇರಿಸೋಣ ಎಂದು ಒಂದೇ ಸಮನೆ ಹೇಳುತ್ತಿದ್ದಾನೆ. ಅವನೂ ಕೆಟ್ಟವನಲ್ಲ, ತಂಗಿ ಸೊರಗಿದ್ದನ್ನು ನೋಡಲಾಗದೆ ಹೇಳುವವನು. ಅವಳು ಒಂದೇ ಮಾತಿನಲ್ಲಿ ಅವನನ್ನು ನಿಲ್ಲಿಸಿದ್ದಳು: ಅಪ್ಪ ನನ್ನ ಗುರುತು ಹಿಡಿಯುವವರೆಗೂ ನನ್ನ ಹತ್ತಿರವೇ ಇರಲಿ. ಈಚೆಗೆ ಅಪ್ಪ ಅವಳ ಹೆಸರು ಹಿಡಿದು ಕರೆಯುವುದೇ ಇಲ್ಲ. ಅಮ್ಮಾ ನೀರು ಕೊಡು, ಅಮ್ಮಾ ಕನ್ನಡಕ ಎಲ್ಲಿ. ಅಪ್ಪ ತನ್ನನ್ನು ತೀರಿಹೋದ ಅಜ್ಜಿ ಎಂದುಕೊಂಡಿದ್ದಾರೋ ಏನೋ ಎಂಬ ಅಂಜಿಕೆ ಅವಳಿಗೆ ಮೊದಲೇ ಹತ್ತಿತ್ತು.

"ಅವಳಿಗೆ ಹೇಳದೇ ಇರೋಕಾಗಲ್ಲ" ಎಂದರು ಟೀಚರು. "ಅಣ್ಣ ಶನಿವಾರ ಬರ್ತಿದಾನೆ. ಅವಳೇ ನನ್ನ ಕೇಳಿದಾಳೆ, ಇಲ್ಲಿ ಅಪ್ಪ ನನ್ನನ್ನ ಏನಂತಾರೆ ಅಂತ."

ಗೆರೆ ಅಳಿಸಿದೆ. ಪುಟ ಕಣ್ಣು ಮಿಟುಕಿಸುವಷ್ಟರಲ್ಲಿ ಸಿದ್ಧವಾಯಿತು. ಐದುನಿಮಿಷದವರು, "ನೋಡಿದ್ಯಾ, ಗಡುವು ಜಾಸ್ತಿ ಮಾಡಿದ್ದು ಒಳ್ಳೇದೇ ಆಯ್ತು" ಎಂದು ಹೊಗಳಿಕೆಯನ್ನು ಮಡಿಲಿಗೆ ಹಾಕಿಕೊಂಡರು. ನನಗೆ ಜಗಳವಾಡುವ ಹುರುಪೂ ಇರಲಿಲ್ಲ. ಬೇರೆ ದಿನವಾಗಿದ್ದರೆ ಬಿಡುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಪುಟ ಮತ್ತೆ ಸಿಕ್ಕಿಬಿತ್ತು. ಅಳಿಸಿದ ಗೆರೆ ಅದೇ ಜಾಗದಲ್ಲಿ ಮೊದಲಿನಂತೆ ಕೂತಿತ್ತು. ಇನ್ನು ಫೋನಿನಲ್ಲಿ ಆಗುವ ಕೆಲಸವಲ್ಲ ಎಂದು ಬ್ಯಾಗ್ ಹೆಗಲಿಗೇರಿಸಿ ಹೊರಟೆ.

ಹಗಲುಮನೆ ಎಂದರೆ ಒಂದು ಉದ್ದನೆಯ ಹಾಲು, ಕಿಟಕಿಯ ಪಕ್ಕ ಕೈಯಿರುವ ಕುರ್ಚಿಗಳ ಸಾಲು, ಬಾಗಿಲ ಬಳಿ ಟೀಚರ ಪುಟ್ಟ ಆಫೀಸು. ಒಂದೊಂದು ಬಾಗಿಲಿನ ಮೇಲೂ ದೊಡ್ಡ ಅಕ್ಷರ: ಊಟ, ಬಚ್ಚಲು, ಹೊರಗೆ. ಆಫೀಸಿನ ಮುಂದೆ ಬಿಳಿ ಕೋಟಿನ ಹೆಂಗಸೊಬ್ಬಳು ನಿಂತಿದ್ದಳು. ಕೋಟಿನ ಒಂದು ಗುಂಡಿ ತಪ್ಪು ಕಾಜಕ್ಕೆ ಬಿದ್ದಿತ್ತು. ಟೀಚರು ನನ್ನನ್ನು ತೋರಿಸಿ, ಕಂಪ್ಯೂಟರ್ ಸರಿ ಮಾಡೋರು ಎಂದರು.

"ನನ್ನ ಅಳಿಸಿದ್ದು ನೀವೇನಾ?" ಎಂದಳು ಅವಳು. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

"ನಿಮ್ಮನ್ನಲ್ಲ, ಒಂದು ಗೆರೆ."

"ಮತ್ತೆ ಹಾಕಿದಾರಂತೆ. ಅಂದ್ರೆ ಕೈತಪ್ಪಿ ಆದದ್ದಲ್ಲ." ಅವಳು ಕೋಟಿನ ಗುಂಡಿಯನ್ನು ಬಿಚ್ಚಿ ಮತ್ತೆ ಅದೇ ತಪ್ಪು ಕಾಜಕ್ಕೆ ಹಾಕಿದಳು. "ಅಜ್ಜೀನ ನಾನು ನೋಡೇ ಇಲ್ಲ ಮೇಡಂ. ನೋಡದೇ ಇರೋರ ಥರ ಎಷ್ಟು ದಿನ ಇರ್ಲಿ? ರಾತ್ರಿ ದೀಪ ಆರಿಸುವಾಗ ಅಮ್ಮಾ ಅಂತಾರೆ, ಏನು ಮಗಾ ಅಂತೀನಿ. ಆಮೇಲೆ ಅಡುಗೆಮನೇಲಿ ನಿಂತು ಅಳ್ತೀನಿ."

ನಾನು ಯಂತ್ರವನ್ನು ಬೈಯಬಲ್ಲೆ, ಯಂತ್ರ ತಯಾರಿಸಿದವನ ವಂಶವನ್ನೂ ಬೈಯಬಲ್ಲೆ. ಅಳುವವರ ಮುಂದೆ ನನ್ನ ನಾಲಿಗೆ ಬಿದ್ದುಹೋಗುತ್ತದೆ. ಟೀಚರು ಅವಳ ಬೆನ್ನ ಮೇಲೆ ಕೈಯಿಟ್ಟು, "ಬಾಮ್ಮ, ಅಣ್ಣನಿಗೆ ಏನು ಹೇಳೋದು ಅಂತ ಕೂತು ಮಾತಾಡೋಣ" ಎಂದು ಒಳಗೆ ಕರೆದುಕೊಂಡು ಹೋದರು. ನಾನು ಕಂಡಕ್ಟರನ್ನು ಹುಡುಕಿಕೊಂಡು ಹೋದೆ.

ಕಿಟಕಿಯ ಪಕ್ಕದ ಕೊನೆಯ ಕುರ್ಚಿ ಅವರದು. ಬಾಗಿಲಿಗೆ ಬೆನ್ನು. ತೊಡೆಯ ಮೇಲೆ ಟ್ಯಾಬು, ಅದರ ಮೇಲೆ ತಿರುಗುವ ಸುತ್ತು. ನೀಟಾಗಿ ಬಾಚಿದ ಬಿಳಿ ಕೂದಲು, ಮೇಲಿನ ಜೇಬಿನಲ್ಲಿ ಪೆನ್ನು. ನಾನು ಪಕ್ಕದ ಕುರ್ಚಿ ಎಳೆದುಕೊಂಡೆ.

"ಪಾಸಾ, ಟಿಕೆಟ್ಟಾ ಮೇಡಂ?"

"ಸ್ಟಾಫು" ಎಂದೆ.

"ಹಾಗಿದ್ರೆ ಕೂತ್ಕೊಳ್ಳಿ." ಅವರು ಸರಿದು ಜಾಗ ಕೊಟ್ಟರು, ಕುರ್ಚಿ ಬೇರೆ ಬೇರೆ ಇದ್ದರೂ. "ಇದು ಹೊರಡ್ತಾನೇ ಇಲ್ಲ ನೋಡಿ. ಇಂಜಿನ್ ಓಡ್ತಿದೆ, ಗಾಡಿ ಮಾತ್ರ ನಿಂತಲ್ಲೇ ನಿಂತಿದೆ."

ಗೆರೆಯನ್ನು ಅಲ್ಲೇ ನನ್ನ ಲ್ಯಾಪ್‌ಟಾಪಿನಿಂದ ಅಳಿಸಿ, "ಈಗ ಒತ್ತಿ" ಎಂದೆ. ಅವರೇನು ಮಾಡುತ್ತಾರೆ ಎಂದು ನನ್ನ ಕಣ್ಣಿನಿಂದಲೇ ನೋಡಬೇಕಿತ್ತು. ಅವರು ತಮ್ಮ ಮುಖವನ್ನು ಒತ್ತಿದರು. ಪುಟ ಕೇಳಿತು: ನೀವು ಅಮ್ಮ ಅಂತ ಕರೆಯೋದು ಯಾರನ್ನ? ಹೆಸರಿಲ್ಲದ ಫೋಟೋಗಳು ಹರಡಿಕೊಂಡವು. ಅವುಗಳಲ್ಲಿ ಒಂದು ಹಳೆಯ ಮಸುಕು ಫೋಟೋ, ಅದರಲ್ಲಿ ಮುದುಕಿಯೊಬ್ಬಳು. ಕಂಡಕ್ಟರ ಬೆರಳು ಆಕೆಯ ಮೇಲೆ ಹಾದು ಮುಂದೆ ಹೋಯಿತು. ಮಗಳ ಮುಖದ ಮೇಲೆ ನಿಂತು ಒತ್ತಿತು. ಸುತ್ತು ತಿರುಗಲಾರಂಭಿಸಿತು.

"ಕಂಡಕ್ಟ್ರೇ, ಇವರು ಯಾರು?" ಎಂದು ಮಗಳ ಫೋಟೋ ತೋರಿಸಿದೆ.

ಅವರು ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದರು. "ನನ್ನ ಮಗಳು."

ಒಂದು ಕ್ಷಣ ನನ್ನ ಕಿವಿಯನ್ನೇ ನಂಬಲಿಲ್ಲ. "ಮತ್ತೆ ಅಮ್ಮ ಅಂತ ಹಾಕಿದ್ರಲ್ಲ?"

"ಅದು ಕೇಳಿದ್ದೇನು? ಓದಿ ನೋಡಿ. ಅಮ್ಮ ಅಂತ ಕರೆಯೋದು ಯಾರನ್ನ ಅಂತ ಕೇಳ್ತು. ಇವಳನ್ನೇ ಕರೆಯೋದು, ಇವಳನ್ನೇ ಒತ್ತಿದೆ. ಸುಳ್ಳು ಹೇಳ್ಲಾ?"

"ಈ ಮುದುಕಮ್ಮ?"

"ನನ್ನ ಹೆತ್ತೋಳು. ಹೋಗಿ ಎಷ್ಟೋ ಕಾಲ ಆಯ್ತು. ಈಗ ಕರೆದ್ರೆ ಬರ್ತಾಳಾ?"

ಪ್ರಶ್ನೆ ನಮ್ಮದು. ಅದಕ್ಕೆ ಅವರು ಕೊಟ್ಟ ಉತ್ತರ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಹೆತ್ತವಳ ಮುಖ, ಮಗಳ ಮುಖ ಎರಡೂ ಅವರ ತಲೆಯಲ್ಲಿ ಅದದರ ಸೀಟಿನಲ್ಲೇ ಕೂತಿದ್ದವು. ಎದ್ದು ಓಡಿಹೋಗಿ ಆಫೀಸಿನ ಬಾಗಿಲು ಬಡಿಯಬೇಕು ಎನ್ನಿಸಿತು. ಆದರೆ ಒಂದು ಮಾತು ಉಳಿದಿತ್ತು.

"ಹಾಗಿದ್ರೆ ದಿನವಿಡೀ ಇದನ್ನ ಯಾಕೆ ಒತ್ತುತಾ ಇರ್ತೀರಿ?"

ಕಿಟಕಿಯ ಹೊರಗೆ ಬಸ್ಸೊಂದು ನಿಂತು ಹೊರಟಿತು, ಅವರು ಅದು ತಿರುವು ದಾಟುವವರೆಗೂ ನೋಡಿದರು. ಆಮೇಲೆ ನನ್ನ ಕಡೆ ಬಗ್ಗಿ ದನಿ ತಗ್ಗಿಸಿದರು.

"ಇದರಲ್ಲಿ ಮುಖದ ಕೆಳಗೆ ಹೆಸರು ಬರುತ್ತಂತೆ. ಹೌದಾ?"

"ಹೌದು."

"ಅವಳ ಹೆಸರು ಹಿಂದಿನ ಯಾವುದೋ ಸ್ಟಾಪಲ್ಲಿ ಇಳಿದುಹೋಗಿದೆ ಮೇಡಂ. ನಾನೇ ಇಟ್ಟ ಹೆಸರು. ನಾಲಿಗೆ ತುದೀಲೇ ಇದೆ, ಆಚೆ ಬರಲ್ಲ." ಪೆನ್ನನ್ನು ಜೇಬಿನಿಂದ ತೆಗೆದು ಮತ್ತೆ ಸಿಕ್ಕಿಸಿಕೊಂಡರು. "ಅವಳಿಗೆ ಹೇಳ್ಬೇಡಿ, ನೊಂದ್ಕೋತಾಳೆ. ನಾನೇನೋ ಉಪಾಯ ಮಾಡಿದೀನಿ. ಅಮ್ಮ ಅಂದುಬಿಡ್ತೀನಿ. ಯಾವ ಅಪ್ಪ ಮಗಳನ್ನ ಅಮ್ಮ ಅಂದಿಲ್ಲ ಹೇಳಿ? ಅವಳಿಗೆ ಒಂಚೂರೂ ಅನುಮಾನ ಬಂದಿಲ್ಲ."

ತಮ್ಮ ಜಾಣತನಕ್ಕೆ ತಾವೇ ನಕ್ಕರು. ನನಗೆ ಮಾತ್ರ ನಗಲಾಗಲಿಲ್ಲ. ಏಕೆಂದರೆ ಅವರ ಬೆನ್ನ ಹಿಂದೆ, ಎರಡು ಹೆಜ್ಜೆ ಆಚೆ, ಬಿಳಿ ಕೋಟಿನ ಮಗಳು ನಿಂತಿದ್ದಳು. ಕೆಲಸಕ್ಕೆ ಹೋಗುವ ಮುನ್ನ ಅಪ್ಪನಿಗೆ ಹೇಳಿ ಹೋಗಲು ಬಂದಿದ್ದಳೆಂದು ಕಾಣುತ್ತದೆ. ಎಷ್ಟನ್ನು ಕೇಳಿಸಿಕೊಂಡಿದ್ದಳೋ ನಾನು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ, ಮುಖದಲ್ಲೇ ಇತ್ತು. ಬಾಯಿಗೆ ಕೈ ಅಡ್ಡ ಹಿಡಿದು, ಅಪ್ಪನಿಗೆ ಕಾಣದಂತೆ ಹಿಂದಕ್ಕೆ ಹಿಂದಕ್ಕೆ ನಡೆದು ಆಫೀಸಿನೊಳಗೆ ಹೋದಳು. ಅಪ್ಪನ ಗುಟ್ಟು ಗುಟ್ಟಾಗಿಯೇ ಇರಲಿ ಎಂದು ಅವಳು ಆ ನಿಮಿಷದಲ್ಲೇ ನಿರ್ಧರಿಸಿದ್ದಳು. ನನಗೆ ಅವಳ ಮೇಲೆ ಉಕ್ಕಿದ ಪ್ರೀತಿಯನ್ನು ಹೇಗೆ ಹೇಳಲಿ, ಒಡಹುಟ್ಟಿದ ತಂಗಿಯ ಮೇಲೂ ಅಷ್ಟು ಬಂದದ್ದಿಲ್ಲ.

ಸ್ವಲ್ಪ ಹೊತ್ತಿಗೆ ಅರೆ ತೆರೆದ ಬಾಗಿಲಿನಿಂದ ಅವಳು ಫೋನಿನಲ್ಲಿ ಮಾತಾಡುವುದು ಕೇಳಿಸಿತು. "ಅಣ್ಣಾ, ಶನಿವಾರ ಬಾ. ಆದ್ರೆ ಸುಮ್ನೆ ನೋಡ್ಕೊಂಡು ಹೋಗೋಕೆ ಬಾ. ಅಪ್ಪ ಎಲ್ಲಿಗೂ ಹೋಗ್ತಿಲ್ಲ... ಇಲ್ಲಣ್ಣಾ, ಅಳ್ತಿಲ್ಲ. ನೆಗಡಿ."

ನಾನು ಅಲ್ಲೇ ಕುರ್ಚಿಯಲ್ಲಿ ಕೂತು ಕೆಲಸ ಶುರುಮಾಡಿದೆ. ಐದುನಿಮಿಷದವರಿಗೆ ಫೋನಿನಲ್ಲಿ ತಿಳಿಸಿದಾಗ, "ಪ್ರಶ್ನೇನ ಬದಲಾಯಿಸಿಬಿಡು. 'ತಾಯಿಯ ಹೆಸರು' ಅಂತ ಹಾಕು, ಮುಗೀತು" ಎಂದರು.

"ಪ್ರಶ್ನೆ ಸರಿಯಾಗೇ ಇದೆ ಸಾರ್. ಉತ್ತರಾನೂ ಸರಿಯಾಗಿದೆ. ಸ್ಕ್ರಿಪ್ಟಿಗೆ ಬುದ್ಧಿ ಇಲ್ಲ."

"ಎಷ್ಟು ಹೊತ್ತು ಬೇಕು?"

"ಐದು ನಿಮಿಷ" ಎಂದು ಫೋನಿಟ್ಟೆ. ಎಷ್ಟು ವರ್ಷದ ಬಾಕಿಯೋ, ತೀರಿಸಿದ ಸುಖವಾಯಿತು.

ನಿಜ ಹೇಳಬೇಕೆಂದರೆ ಮಧ್ಯಾಹ್ನದವರೆಗೂ ಹಿಡಿಯಿತು. ಮಾಡಿದ್ದು ಸಣ್ಣ ಕೆಲಸ. ಹತ್ತುತ್ತಾ ಹೋಗುವಾಗ ಯಾರ ಮುಖ ಈಗಾಗಲೇ ನೋಡಿದ್ದೇನೆ ಎಂದು ನೆನಪಿಟ್ಟುಕೋ, ಅದೇ ಮುಖ ಮತ್ತೆ ಬಂದರೆ ಒಂದು ಗೆರೆ ಎಳೆದು ಅಲ್ಲಿಗೆ ನಿಲ್ಲು ಎಂದು ಸ್ಕ್ರಿಪ್ಟಿಗೆ ಕಲಿಸಿದೆ. ಇದನ್ನು ನಾನು ಮೊದಲೇ ಮಾಡಬೇಕಿತ್ತು. ಮಗಳು ಅಮ್ಮನೂ ಆಗಬಹುದು ಎಂದು ಕೋಡು ಬರೆಯುವಾಗ ಯಾರಿಗೆ ಹೊಳೆಯುತ್ತದೆ? ಜೊತೆಗೆ ಆ ಹಾಳು ಸಾಲನ್ನೂ ಕಿತ್ತುಹಾಕಿ, 'ಸ್ವಲ್ಪ ತಡವಾಗ್ತಿದೆ, ಇಲ್ಲೇ ಇದ್ದೀವಿ' ಎಂದು ಬರೆದೆ. ಹೆತ್ತವಳ ಫೋಟೋವನ್ನು ಟೀಚರು 'ಹೆತ್ತಮ್ಮ' ಎಂಬ ಹೊಸ ಜಾಗ ಮಾಡಿಸಿ ಸೇರಿಸಿದರು.

ಕಂಡಕ್ಟರು ಕಣ್ಣು ಮುಚ್ಚಿ ಕೂತಿದ್ದರು. "ಕಂಡಕ್ಟ್ರೇ, ರೈಟ್" ಎಂದೆ.

ತಟ್ಟನೆ ಕಣ್ಣು ಬಿಟ್ಟು ತಮ್ಮ ಮುಖವನ್ನು ಒತ್ತಿದರು. ಪುಟ ತೆರೆದುಕೊಂಡಿತು. ನಡುವೆ ಅವರು, ಪಕ್ಕದಲ್ಲಿ ಮಗಳು. ಅವಳ ಮುಖ ಒಂದೇ, ಗೆರೆ ಎರಡು. ಒಂದು ಅವರಿಂದ ಹೊರಟು ಅವಳನ್ನು ಮುಟ್ಟಿತ್ತು, ಇನ್ನೊಂದು ಅವಳಿಂದ ಹೊರಟು ಅವರನ್ನು ಮುಟ್ಟಿತ್ತು. ಅವರು ಗೆರೆಗಳನ್ನು ನೋಡಲೇ ಇಲ್ಲ. ಮುಖದ ಕೆಳಗಿನ ಹೆಸರಿನ ಮೇಲೆ ಬೆರಳಿಟ್ಟು ಅಕ್ಷರ ಅಕ್ಷರ ಬಿಡಿಸಿ ಓದಿದರು. ಮತ್ತೊಮ್ಮೆ ಓದಿದರು. ಸಂಜೆಯವರೆಗೂ ತುಟಿ ಆಡುತ್ತಲೇ ಇತ್ತು. ಊಟದಲ್ಲಿ ಟೀಚರು ಮಾತಾಡಿಸಿದರೆ ಕೈ ಅಡ್ಡ ಹಿಡಿದರು. ಬಾಯಿ ತೆರೆದರೆ ಚೆಲ್ಲಿಹೋದೀತು ಎಂಬ ಭಯ.

ನಾನು ಆಫೀಸಿಗೆ ಹಿಂತಿರುಗಬಹುದಿತ್ತು. ಪುಟ ಇನ್ನೂ ಸಿಕ್ಕಿಬೀಳಬಹುದು ಎಂಬ ನೆಪ ಹೇಳಿ ಉಳಿದೆ.

ಸಂಜೆ ಮಗಳು ಬಾಗಿಲಲ್ಲಿ ಕಾಣಿಸಿಕೊಂಡಳು. ಈಗ ಗುಂಡಿಗಳೆಲ್ಲ ಸರಿಯಾಗಿದ್ದವು. ಹೆಜ್ಜೆ ಸದ್ದಿಗೆ ತಿರುಗಿದ ಕಂಡಕ್ಟರು ಕುರ್ಚಿಯ ಕೈ ಹಿಡಿದು ಎದ್ದು ನಿಂತರು. ಇಡೀ ಬಸ್ಸಿಗೆ ಕೇಳಿಸುವ ದನಿಯಲ್ಲಿ ಅವಳ ಹೆಸರು ಹಿಡಿದು ಕರೆದರು. ಪೂರ್ತಿ ಹೆಸರು, ಒಂದಕ್ಷರವೂ ಬಿಡದೆ.

ಅವಳು ಇದ್ದಲ್ಲೇ ನಿಂತಳು. ಆಮೇಲೆ ಏನೂ ಆಗದವಳಂತೆ, "ಏನಪ್ಪಾ ಅಷ್ಟು ಜೋರಾಗಿ, ನಾನೇನು ಕಿವುಡೀನಾ?" ಎಂದಳು. ಕಂಡಕ್ಟರು ನನ್ನ ಕಡೆ ತಿರುಗಿ ಕಣ್ಣು ಹೊಡೆದರು. ನೋಡಿದ್ರಾ, ಒಂಚೂರೂ ಅನುಮಾನ ಬಂದಿಲ್ಲ ಎಂಬಂತೆ.

ಅಪ್ಪನ ಚೀಲ, ಕನ್ನಡಕ, ಕೊಡೆ ಎಲ್ಲವನ್ನೂ ತೆಗೆದುಕೊಂಡು ಅವಳು ಮುಂದೆ ನಡೆದಳು. ಹಾಲಿನಲ್ಲಿ ಟೀಚರು, ಗಟ್ಟಿಗಿತ್ತಿ ಅಜ್ಜಿ, ನೆಲ ಒರೆಸುತ್ತಿದ್ದ ಅಕ್ಕ, ನಾನು. ಕಂಡಕ್ಟರು ಚಪ್ಪಲಿ ಹಾಕಿಕೊಳ್ಳಲು ಬಗ್ಗಿದರು, ಎದ್ದರು. ಅಷ್ಟರಲ್ಲಿ ಹೆಸರು ಮತ್ತೆ ಇಳಿದುಹೋಗಿತ್ತು. ಅವರು ತುಟಿ ಆಡಿಸಿದರು, ಹುಡುಕಿದರು, ಬಿಟ್ಟರು.

"ಅಮ್ಮಾ" ಎಂದು ಕರೆದರು.

ಅಲ್ಲಿದ್ದ ಹೆಂಗಸರೆಲ್ಲ ತಿರುಗಿ ನೋಡಿದೆವು. ಅವರು ಕೈ ಚಾಚಿದ್ದು ಮಗಳಿಗೆ.